ಎಡಗೈ ಏಟು

ಅಣ್ಣನ ತುಟಿಯಲ್ಲಿದ್ದ ಸಿಗರೇಟು ಹಾರಿ ಗಾರೆಪುಡಿಯಲ್ಲಿ ಬೀಳುವ ಹಾಗೆ ಅವನ ಕೆನ್ನೆಗೆ ಬಾರಿಸಿದೆ. ಸುತ್ತ ಕೆಲಸ ಮಾಡುತ್ತಿದ್ದವರು ಯಾರೂ ಸಮ್ಮಟಿಗೆ ನಿಲ್ಲಿಸಲಿಲ್ಲ. ಅವರಿಗೆ ಇದು ದಿನಾ ನೋಡುವ ನಾಟಕ.

“ಜನರ ಮುಂದೆ ಹೊಡೀತೀಯೇನೇ?” ಅಂದ ಅಣ್ಣ.

“ಜನರ ಮುಂದೆ ಸೇದ್ತೀಯಲ್ಲ, ಅದಕ್ಕೆ ನಾಚಿಕೆ ಇಲ್ವಾ?”

ಅವನು ಬಗ್ಗಿ ಸಿಗರೇಟು ಎತ್ತಿಕೊಳ್ಳಲು ಹೋದ. ನಾನು ಬೂಟುಗಾಲಲ್ಲಿ ಅವನ ಬೆರಳು ತುಳಿದೆ. ಅವನು ಇನ್ನೊಂದು ಕೈಯಲ್ಲಿ ನನ್ನ ಕಾಲು ಹಿಡಿದು ಎಳೆದ. ನಾನು ಇಟ್ಟಿಗೆ ರಾಶಿಯ ಮೇಲೆ ಅಂಗಾತ ಬಿದ್ದೆ. ಬಿದ್ದಲ್ಲಿಂದಲೇ ಅರ್ಧ ಇಟ್ಟಿಗೆ ಎಸೆದೆ, ಅವನು ತಪ್ಪಿಸಿಕೊಂಡ. ಆಮೇಲೆ ಇಬ್ಬರೂ ಬಟ್ಟೆ ಕೊಡವಿಕೊಂಡು ಕೆಲಸಕ್ಕೆ ಹೋದೆವು.

ನಾವು ಹಳೇ ಕಟ್ಟಡ ಕೆಡವುವವರು. ಅಪ್ಪ ಅದನ್ನೇ ಮಾಡಿದ, ದೊಡ್ಡಣ್ಣ ಅದನ್ನೇ ಮಾಡಿದ, ಈಗ ಈ ಅಣ್ಣ ಮೇಸ್ತ್ರಿ. ನಾನು ಲಾರಿ ಓಡಿಸುತ್ತೇನೆ; ಅವರು ಒಡೆದದ್ದನ್ನು ತುಂಬಿಕೊಂಡು ಊರಾಚೆ ಸುರಿದು ಬರುವುದು ನನ್ನ ಪಾಲು. ಗಂಡನನ್ನು ಬಿಟ್ಟು ಬಂದು ಅಣ್ಣ ಅತ್ತಿಗೆಯ ಮನೆಯಲ್ಲೇ ಇದ್ದೇನೆ. ತಾನೇ ನನ್ನನ್ನು ಬಿಟ್ಟದ್ದು ಅಂತ ಆ ಮನುಷ್ಯ ಹೇಳಿಕೊಂಡು ತಿರುಗುತ್ತಾನಂತೆ. ಹೇಳಿಕೊಳ್ಳಲಿ ಪಾಪ, ಮುಂದಿನ ಎರಡು ಹಲ್ಲಿಲ್ಲದವನ ಮಾತು ಯಾರಿಗೆ ಅರ್ಥವಾಗುತ್ತೆ.

ನಮ್ಮ ಮನೆಯಲ್ಲಿ ಪ್ರೀತಿಗೂ ಕೈ, ಸಿಟ್ಟಿಗೂ ಕೈ. ಅಪ್ಪ ಗೋಡೆಯ ಮೇಲೆ ನಿಂತು ಸಮ್ಮಟಿಗೆ ಎತ್ತಿದ್ದವನು ಎದೆ ನಿಂತು ಹಾಗೇ ಹೋದ. ಮೊದಲು ಸಮ್ಮಟಿಗೆ ಬಿತ್ತು, ಹಿಂದೆಯೇ ಅಪ್ಪ ಬಿದ್ದ. ಅವನ ತಲೆಯಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ. ಜನ ಬಂದು “ಗಂಡಸಿನ ಸಾವು” ಅಂತ ಹೊಗಳಿ ಹೋದರು. ದೊಡ್ಡಣ್ಣ ಸತ್ತದ್ದು ಬಚ್ಚಲುಮನೆಯಲ್ಲಿ, ಪ್ಯಾಂಟಿನೊಳಗೆ ಒಂದು ಕಾಲು ಹಾಕಿ ಇನ್ನೊಂದು ಹಾಕುವ ಮುಂಚೆ. ಒಳಗಿಂದ ಚಿಲಕ ಹಾಕಿತ್ತು. ಈ ಅಣ್ಣ ಭುಜದಿಂದ ಒಂದೇ ಒಂದು ಗುದ್ದು ಗುದ್ದಿದ, ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು, ದೊಡ್ಡಣ್ಣನ ಮೇಲೆಯೇ. ತಾನು ಬಾಗಿಲು ಕೆಡವಿದ್ದರಿಂದಲೇ ಅವನು ಸತ್ತ ಅಂತ ಅಣ್ಣ ಎಷ್ಟೋ ದಿನ ಗೋಳಾಡಿದ. ಮುಂಚೆಯೇ ಮೈ ತಣ್ಣಗಾಗಿತ್ತು ಅಂತ ನಾವೆಲ್ಲ ಆಣೆ ಮಾಡಿ ಹೇಳಬೇಕಾಯಿತು.

ಉಳಿದವನು ಇವನೊಬ್ಬ. ಐವತ್ತು ದಾಟಿದ್ದಾನೆ. ಹೊಟ್ಟೆ ಮುಂದೆ ಬಂದಿದೆ, ಕೋಪ ಮೂಗಿನ ತುದಿಯಲ್ಲಿದೆ, ಬಾಯಲ್ಲಿ ಯಾವಾಗಲೂ ಹೊಗೆ. ಇವನು ಸಾಯಬಾರದು. ನನಗೆ ಬೇಕಾಗಿದ್ದದ್ದು ಅದೊಂದೇ. ಅದಕ್ಕಾಗಿ ಇವನ ಕೈಕಾಲು ಮುರಿಯಬೇಕಾದರೂ ಮುರಿಯುತ್ತೇನೆ ಅಂತ ತೀರ್ಮಾನ ಮಾಡಿದ್ದೆ.

ಆಸ್ಪತ್ರೆಗೆ ಅವನನ್ನು ಕತ್ತಿನ ಪಟ್ಟಿ ಹಿಡಿದುಕೊಂಡೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಲು ಮೊಳದುದ್ದ, ಗಂಟಲು ಮಾತ್ರ ನಮ್ಮ ಲಾರಿಯ ಹಾರನ್ನು. ಅವನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು. ರಕ್ತ ಪರೀಕ್ಷೆಯ ಚೀಟಿ ತಿರುಗಿಸಿ ತಿರುಗಿಸಿ ಓದಿದರು.

“ಅಪ್ಪ, ಅಣ್ಣ ಇಬ್ಬರೂ ಚಿಕ್ಕ ವಯಸ್ಸಿಗೇ ಹೋಗಿದ್ದಾರೆ. ರಕ್ತದಲ್ಲಿ ಕೊಬ್ಬು ಹುಟ್ಟಿನಿಂದಲೇ ಜಾಸ್ತಿ ಇರೋ ಮನೆತನ ಇದು. ಅದನ್ನ ನೀವೂ ಬದಲಾಯಿಸೋಕಾಗಲ್ಲ, ನಾನೂ ಬದಲಾಯಿಸೋಕಾಗಲ್ಲ. ಉಳಿದದ್ದು ನಿಮ್ಮ ಕೈಯಲ್ಲೇ ಇದೆ. ಸಿಗರೇಟು ಬಿಡಿ. ಉಪ್ಪು ಕಮ್ಮಿ ಮಾಡಿ, ಕರಿದದ್ದು ಬಿಡಿ. ಹೊಟ್ಟೆ ಇಳಿಸಿ. ಬಿ.ಪಿ. ಗುಳಿಗೆ, ಕೊಬ್ಬಿನ ಗುಳಿಗೆ ದಿನಾ ತಗೊಳ್ಳಿ, ಚೆನ್ನಾಗಿದ್ದೀನಿ ಅಂತ ಬಿಡಬೇಡಿ. ಸರಿಯಾಗಿ ನಿದ್ದೆ ಮಾಡಿ. ಕೋಪ ಇಳಿಸಿ.”

“ಇಷ್ಟೆಲ್ಲ ಬಿಟ್ಟ ಮೇಲೆ ಬದುಕಿ ಏನ್ ಮಾಡೋದು ಡಾಕ್ಟ್ರೇ?” ಅಂದ ಅಣ್ಣ.

“ನೀವು ಗೋಡೆ ಒಡೆಯೋರಲ್ವಾ? ಒಂದು ಏಟಿಗೆ ಗೋಡೆ ಬೀಳುತ್ತಾ? ಸಿಗರೇಟು ಒಂದು ಏಟು, ಉಪ್ಪು ಒಂದು ಏಟು, ಕೋಪ ಒಂದು ಏಟು. ಎಲ್ಲ ಸೇರಿದಾಗ ಬೀಳುತ್ತೆ.”

ಆ ಮಾತು ಅಣ್ಣನಿಗೆ ತಾಗಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ನಿಮ್ಮ ತೋಳೂ ಕೊಡಿ, ನೋಡೇ ಬಿಡೋಣ. ಒಂದೇ ಹೊಟ್ಟೇಲಿ ಹುಟ್ಟಿದೋರು.”

ನನಗೆ ನಗು ಬಂತು. “ನಮ್ಮ ಮನೇಲಿ ಸಾಯೋದು ಗಂಡಸರ ಕೆಲಸ ಡಾಕ್ಟ್ರೇ. ಹೆಂಗಸರದು ಅಳೋ ಕೆಲಸ.”

ಸುಳ್ಳಲ್ಲ ಅದು. ಅಪ್ಪನ ತಾಯಿ ಗಂಡನನ್ನೂ ಮಗನನ್ನೂ ಮೊಮ್ಮಗನನ್ನೂ ಮಣ್ಣು ಮಾಡಿ, ಬಾಯಲ್ಲಿ ಹಲ್ಲೊಂದೂ ಉಳಿಯದಿದ್ದರೂ ಎಲ್ಲರನ್ನೂ ಬೈದುಕೊಂಡು ಗುಂಡುಕಲ್ಲಿನ ಹಾಗಿದ್ದಳು. ನಮ್ಮ ಹೆಂಗಸರ ಎದೆ ಕಲ್ಲಿನದು ಅಂತ ನೆಂಟರೆಲ್ಲ ಹೇಳುತ್ತಿದ್ದರು, ನಾನೂ ಹಾಗೇ ನಂಬಿದ್ದೆ. ತೋಳು ಕೊಡದೆ ಎದ್ದು ಬಂದೆ.

ದಂಡಂ ದಶಗುಣಂ ಅಂತ ಸುಮ್ಮನೆ ಹೇಳಿಲ್ಲ. ಮಾರನೆಯ ದಿನದಿಂದ ಮನೆಯಲ್ಲಿ ನನ್ನ ಆಡಳಿತ ಶುರುವಾಯಿತು. ಊಟಕ್ಕೆ ಕೂತಾಗ ಅಣ್ಣನ ಕೈ ಉಪ್ಪಿನ ಕಡೆ ಹೋದರೆ ಸೌಟಿನಲ್ಲಿ ಗೆಣ್ಣಿನ ಮೇಲೆ ಬಾರಿಸುತ್ತಿದ್ದೆ. ಅತ್ತಿಗೆ ಕರುಣೆಯಿಂದ ಅವನಿಗೆ ಏನೋ ಕರಿಯಲು ಇಟ್ಟಿದ್ದ ಬಾಣಲೆಯನ್ನು ಕಾದ ಎಣ್ಣೆಯ ಸಮೇತ ಅಂಗಳಕ್ಕೆ ಎಸೆದೆ. ಎಣ್ಣೆ ಬಿದ್ದ ಜಾಗದಲ್ಲಿ ಹುಲ್ಲು ಸುಟ್ಟು ಕರಕಲಾಯಿತು. ಗುಳಿಗೆ ನುಂಗುವುದಿಲ್ಲ ಅಂದಾಗ ಮೂಗು ಹಿಡಿದು, ಬಾಯಿ ತೆರೆದ ಕೂಡಲೇ ಒಳಗೆ ಹಾಕಿ ಗದ್ದ ಒತ್ತಿ ಮುಚ್ಚುತ್ತಿದ್ದೆ. ಅವನು ಕಚ್ಚುತ್ತಿದ್ದ. ನನ್ನ ಹೆಬ್ಬೆರಳಲ್ಲಿ ಅವನ ಹಲ್ಲಿನ ಗುರುತು ಇನ್ನೂ ಇದೆ.

ಅವನಿಂದ ಕಿತ್ತುಕೊಂಡದ್ದನ್ನೆಲ್ಲ ಏನು ಮಾಡುವುದು? ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಸಿಗರೇಟು ಪ್ಯಾಕುಗಳು ನನ್ನ ಲಾರಿಗೆ ಬಂದವು. ಊರಾಚೆ ಮಣ್ಣು ಸುರಿದು ಬರುವಾಗ ಒಂದೊಂದಾಗಿ ಸೇದುತ್ತಿದ್ದೆ. ಅವನ ಚೀಲದಿಂದ ಕಸಿದ ಕರಿದ ತಿಂಡಿ ಒಂದು ಕೈಯಲ್ಲಿ, ಸ್ಟಿಯರಿಂಗ್ ಇನ್ನೊಂದು ಕೈಯಲ್ಲಿ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ. ಗಂಡಸರಿಗೆ ವಿಷವಾದದ್ದು ನನಗೆ ಏನೂ ಮಾಡದು ಅನ್ನುವ ಧೈರ್ಯ.

“ನೀನೂ ಒಂದ್ಸಲ ತೋರಿಸ್ಕೊಳ್ಳಮ್ಮ. ಮುಖ ಇಟ್ಟಿಗೆ ಥರ ಕೆಂಪಗಾಗಿದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀಯ,” ಅಂದರು ಅತ್ತಿಗೆ ಒಂದು ದಿನ.

“ಅದು ನಿಮ್ಮ ಗಂಡನ್ನ ಕಾಯ್ದೂ ಕಾಯ್ದೂ ಬಂದಿರೋ ಏದುಸಿರು ಅತ್ತಿಗೆ,” ಅಂದೆ.

ಒಂದು ಬೆಳಿಗ್ಗೆ ಅದೇ ಅತ್ತಿಗೆ ಕಸ ಗುಡಿಸುತ್ತಾ ಮಂಚದ ಕೆಳಗೆ ಪೊರಕೆ ಹಾಕಿದರು. ಗೋಡೆಯ ಮೂಲೆಯಿಂದ ಗುಳಿಗೆಗಳು ಉರುಳಿ ಬಂದವು. ಒಂದು ಬೊಗಸೆಯಷ್ಟು. ನಾನು ಮೂಗು ಹಿಡಿದು ಹಾಕಿದ್ದನ್ನೆಲ್ಲ ಈ ಪುಣ್ಯಾತ್ಮ ಕೆನ್ನೆಯ ಸಂದಿಯಲ್ಲಿಟ್ಟುಕೊಂಡು, ನಾನು ಆ ಕಡೆ ತಿರುಗಿದ ಕೂಡಲೇ ಉಗುಳಿದ್ದ.

ಅತ್ತಿಗೆ “ಬೇಡ ಬೇಡ” ಅನ್ನುವಷ್ಟರಲ್ಲಿ ನಾನು ಲಾರಿ ಹತ್ತಿಯಾಗಿತ್ತು.

ಆಗ ನಾವು ಒಂದು ಹಳೆಯ ಸೋಪಿನ ಕಾರ್ಖಾನೆ ಕೆಡವುತ್ತಿದ್ದೆವು. ಗೋಡೆ ಒಡೆದರೆ ಒಳಗಿನಿಂದ ಇನ್ನೂ ಸೋಪಿನ ವಾಸನೆ ಬರುತ್ತಿತ್ತು. ಅಣ್ಣ ಬೆನ್ನು ಹಾಕಿ ನಿಂತಿದ್ದ. ಅಲ್ಲೇ ಬಿದ್ದಿದ್ದ ಒಂದು ಗುದ್ದಲಿಯ ಮರದ ಕಾವು ಎತ್ತಿಕೊಂಡು ಅವನ ತೊಡೆಗೆ ಬೀಸಿದೆ. ಅವನು ಕೂಗಿ ಮಂಡಿಯೂರಿದ. ಬೆನ್ನಿಗೆ ಇನ್ನೊಂದು ಬಿಟ್ಟೆ.

“ಉಗುಳ್ತೀಯಾ? ಸಾಯೋಕೆ ಅಷ್ಟು ಅವಸರವಾ ನಿಂಗೆ? ಬಾ, ನಾನೇ ಸಾಯಿಸ್ತೀನಿ, ಕಾಯೋ ಕೆಲಸನಾದ್ರೂ ತಪ್ಪುತ್ತೆ!”

ಅವನು ಕಾವು ಹಿಡಿದು ತಿರುಚಿ ಕಿತ್ತುಕೊಂಡ. ನಾನು ಅವನ ಮೇಲೆ ಬಿದ್ದು ಕಿವಿ ಕಚ್ಚಿದೆ. ಬಾಯಿಗೆ ರಕ್ತದ ರುಚಿ ಬಂತು, ಆದರೂ ಬಿಡಲಿಲ್ಲ. ಅವನು ಕೂದಲು ಹಿಡಿದೆಳೆದ, ನಾನು ಉಗುರಲ್ಲಿ ಅವನ ಕತ್ತು ಪರಚಿದೆ. ಆಗ ಅವನ ಕೈ ಬೀಸಿತು. ಅಣ್ಣ ಎಡಚ. ಸಮ್ಮಟಿಗೆ ಹಿಡಿದು ಹಿಡಿದು ಮರದ ತುಂಡಿನಂತಾಗಿದ್ದ ಆ ಎಡಗೈ ಮುಷ್ಟಿ ನನ್ನ ಬಲದವಡೆಗೆ ಬಿತ್ತು.

ಕಣ್ಣ ಮುಂದೆ ಎಲ್ಲ ಬೆಳ್ಳಗಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಈ ಸಲ ಕೆಲಸದವರು ಸಮ್ಮಟಿಗೆ ನಿಲ್ಲಿಸಿದ್ದರು. ನಾವು ಹುಟ್ಟಿದಾಗಿನಿಂದ ಹೊಡೆದಾಡಿಕೊಂಡು ಬಂದವರು, ಆದರೆ ಅಣ್ಣ ನನ್ನ ಮೇಲೆ ಮುಷ್ಟಿ ಎತ್ತಿರಲಿಲ್ಲ. ಅವನು ತನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಎದ್ದು ಅಂಗೈಗೆ ಉಗುಳಿದೆ. ಬಲಗಡೆಯ ದವಡೆಹಲ್ಲು ಒಂದು ಬೇರು ಸಮೇತ ಬಂದಿತ್ತು. ಅದನ್ನು ಅವನ ಅಂಗಿಯ ಜೇಬಿಗೆ ಹಾಕಿದೆ. “ಇಟ್ಕೋ. ಉಗುಳಿದ ಗುಳಿಗೆ ಜೊತೆ ಇದನ್ನೂ ಮಂಚದ ಕೆಳಗೆ ಹಾಕು,” ಅಂದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅಣ್ಣ ಆವತ್ತು ಊಟ ಬಿಟ್ಟ, ಅಂದಿನಿಂದ ಸಿಗರೇಟು ಬಿಟ್ಟ. ಆದರೆ ಅದು ಎಷ್ಟು ದಿನ? ನಾಯಿ ಬಾಲ ಡೊಂಕು ಅಂತ ನನಗೆ ಗೊತ್ತಿತ್ತು. ಬಾವು ಇಳಿದು, ಕೆನ್ನೆಯ ನೀಲಿ ಬಣ್ಣ ಹೋಗುವ ಹೊತ್ತಿಗೆ ಅವನ ಕಣ್ಣು ಮತ್ತೆ ಬೇರೆಯವರ ಸಿಗರೇಟಿನ ಕಡೆ ಹೊರಳುತ್ತಿತ್ತು.

ಆಗಲೇ ನನ್ನ ನೋವು ಶುರುವಾಯಿತು. ಲಾರಿಯ ಹಿಂದೆ ಹತ್ತಿ ಟಾರ್ಪಾಲಿನ ಹಗ್ಗ ಎಳೆದು ಕಟ್ಟುವಾಗ ಎಡಗಿವಿಯ ಕೆಳಗೆ, ದವಡೆಯಲ್ಲಿ, ಯಾರೋ ಇಕ್ಕಳ ಹಾಕಿ ಎಳೆದ ಹಾಗೆ. ಕೈ ಬಿಟ್ಟು ಸ್ವಲ್ಪ ಹೊತ್ತು ಕೂತರೆ ಹೋಗುತ್ತಿತ್ತು. ಮತ್ತೆ ಎಳೆದರೆ ಮತ್ತೆ ಬರುತ್ತಿತ್ತು. ಏಟು ಬಿದ್ದದ್ದು ಬಲಕ್ಕೆ, ನೋವು ಎಡಕ್ಕೆ ಯಾಕೆ ಅಂತ ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ನಾವು ಗೋಡೆಯವರು. ಹಳೇ ಗೋಡೆಗೆ ಈ ಮೂಲೆಯಲ್ಲಿ ಬಲವಾಗಿ ಹೊಡೆದರೆ ಬಿರುಕು ಬಿಡುವುದು ಆ ಮೂಲೆಯಲ್ಲಿ. ಏಟು ಒಳಗೊಳಗೇ ಓಡಿ ಎಲ್ಲಿ ಸಡಿಲವೋ ಅಲ್ಲಿ ಬಾಯಿ ಬಿಡುತ್ತದೆ. ನಮ್ಮಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವ ಪಾಠವೇ ಅದು, ಹೊಡೆಯುವ ಕಡೆ ನೋಡಬೇಡ, ಎದುರು ಕಡೆ ನೋಡು ಅಂತ. ಹಾಗಾಗಿ ನನಗೆ ಸಂಶಯವೇ ಬರಲಿಲ್ಲ.

ಮೊದಲ ಸಲ ಅಣ್ಣನ ಎದುರಿಗೆ ನೋವು ಬಂದಾಗ ದವಡೆ ಒತ್ತಿಕೊಂಡು “ಅಮ್ಮಾ” ಅಂದೆ. “ಏನಾಯ್ತೇ?” ಅಂದ. “ಏನಾಗೋದು, ನಿನ್ನ ಏಟು ಮಾತಾಡ್ತಿದೆ,” ಅಂದೆ. ಅವನು ಮುಖ ಬಾಡಿಸಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅತ್ತಿಗೆ ಬಂದು ಕಿವಿಯಲ್ಲಿ ಹೇಳಿದರು: “ಯಾರೂ ಹೇಳ್ದೇನೇ ಗುಳಿಗೆ ನುಂಗಿದ್ರಮ್ಮ! ನೀರು ಕುಡಿದು ಬಾಯಿ ತೆಗೆದು ತೋರಿಸಿದ್ರು.”

ಸೌಟು, ಕಾವು, ಇಟ್ಟಿಗೆ ಯಾವುದೂ ಮಾಡದ ಕೆಲಸವನ್ನು ಒಂದು “ಅಮ್ಮಾ” ಮಾಡಿತ್ತು. ಇಂಥ ಆಯುಧ ಸಿಕ್ಕ ಮೇಲೆ ಬಿಡುವವಳೇ ನಾನು? ಅವನ ಕೈ ಉಪ್ಪಿನ ಕಡೆ ಹೋದರೆ ದವಡೆ ಹಿಡಿದುಕೊಂಡೆ. ಕೆಲಸದವರ ಮೇಲೆ ರೇಗಿದರೆ ದವಡೆ ಹಿಡಿದುಕೊಂಡೆ. ಬೆಳಿಗ್ಗೆ ನಡೆಯಲು ಹೋಗದೆ ಮುಸುಕು ಹೊದ್ದರೆ ಮಂಚದ ಪಕ್ಕ ನಿಂತು ನರಳಿದೆ. ನೋವು ಇದ್ದಾಗ ಒಂದಕ್ಕೆ ಎರಡು ಮಾಡಿ ತೋರಿಸಿದೆ, ಇಲ್ಲದಾಗಲೂ ತೋರಿಸಿದೆ. ಅವನು ನಡೆದ. ಸಪ್ಪೆ ತಿಂದ. ಗುಳಿಗೆ ನುಂಗಿದ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡ. ಅತ್ತಿಗೆಯನ್ನು ಕರೆದುಕೊಂಡು ತಾನೇ ಡಾಕ್ಟರಮ್ಮನ ಹತ್ತಿರ ಹೋಗಿ ಬರತೊಡಗಿದ. ನಾನು ಲಾರಿಯಲ್ಲಿ ಬಿಟ್ಟು, ಹೊರಗೆ ನಿಂತು ಸಿಗರೇಟು ಸೇದುತ್ತಿದ್ದೆ. ಅವನಿಂದ ಕಸಿದದ್ದು ಮುಗಿದಿತ್ತು, ಈಗ ಅಂಗಡಿಯಿಂದ ನಾನೇ ಕೊಳ್ಳುತ್ತಿದ್ದೆ.

ಇನ್ನೊಂದು ಕೆಲಸವನ್ನೂ ಅವನು ಮಾಡಿದ. ಅದು ನನಗೆ ಬೇಕಿರಲಿಲ್ಲ. ಎಡಗೈಯಲ್ಲಿ ಸಮ್ಮಟಿಗೆ ಹಿಡಿಯುವುದನ್ನು ಬಿಟ್ಟ. ಆ ವಯಸ್ಸಿಗೆ ಬಲಗೈಯಲ್ಲಿ ಹೊಡೆಯಲು ಕಲಿಯತೊಡಗಿದ, ಅಕ್ಷರ ತಿದ್ದುವ ಮಗುವಿನ ಹಾಗೆ. ಏಟು ಗುರಿ ತಪ್ಪುತ್ತಿತ್ತು. ಒಂದು ಸಲ ಸ್ವಂತ ಪಾದದ ಮೇಲೆ ಹಾಕಿಕೊಂಡ. ಕೆಲಸದವರು ಮರೆಯಲ್ಲಿ ನಕ್ಕರು. “ಯಾಕಣ್ಣ ಈ ಹುಚ್ಚು?” ಅಂದರೆ, “ಆ ಕೈ ನಂಗೆ ಬೇಡ,” ಅಂದು ಮುಖ ತಿರುಗಿಸಿದ.

“ಹಲ್ಲಿನ ಡಾಕ್ಟ್ರ ಹತ್ರ ಹೋಗಮ್ಮ,” ಅಂತ ಅತ್ತಿಗೆ ಅಂಗಲಾಚಿದರು. ನಾನು ಹೋಗಲಿಲ್ಲ. ನೋವು ವಾಸಿಯಾದರೆ ನನ್ನ ಕೋಲು ಮುರಿದ ಹಾಗೆ. ಅಣ್ಣ ಮತ್ತೆ ಅಂಗಡಿ ಮುಂದೆ ನಿಲ್ಲುತ್ತಾನೆ, ಮತ್ತೆ ಉಗುಳುತ್ತಾನೆ, ಒಂದು ದಿನ ಅಪ್ಪನ ಹಾಗೆ ಗೋಡೆಯಿಂದ ಬೀಳುತ್ತಾನೆ. ಅದಕ್ಕಿಂತ ಈ ನೋವೇ ಇರಲಿ ಅಂದುಕೊಂಡೆ. ಆದರೆ ನೋವು ನಾನು ಇಟ್ಟಲ್ಲಿ ಇರಲಿಲ್ಲ. ಹಗ್ಗ ಎಳೆದಾಗ ಬರುತ್ತಿದ್ದದ್ದು ಲಾರಿ ಹತ್ತುವಾಗ ಬಂತು, ಆಮೇಲೆ ಸುಮ್ಮನೆ ರಸ್ತೆ ದಾಟುವಾಗ ಬಂತು. ಒಮ್ಮೊಮ್ಮೆ ಎದೆಯ ಮೇಲೆ ಚಪ್ಪಡಿ ಇಟ್ಟ ಹಾಗಾಗುತ್ತಿತ್ತು. ಕರಿದದ್ದು ತಿಂದ ಗ್ಯಾಸು ಅಂತ ನೀರು ಕುಡಿದು ತೇಗುತ್ತಿದ್ದೆ.

ಕಾರ್ಖಾನೆಯಲ್ಲಿ ಕಡೆಗೆ ಉಳಿದದ್ದು ರಸ್ತೆ ಬದಿಯ ಎತ್ತರದ ಗೋಡೆ. ಅದರ ಬುಡ ಅರ್ಧ ಕೊರೆದಾಗಿತ್ತು. ಮಧ್ಯಾಹ್ನದ ಬಿಸಿಲು. ನಾನು ಹಗ್ಗ ಎಳೆಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ದವಡೆಯ ಎರಡೂ ಕಡೆ, ಕತ್ತಿನ ಸುತ್ತ, ಬೆನ್ನಿನ ನಡುವೆ, ಎಲ್ಲ ಕಡೆ ಒಟ್ಟಿಗೇ ಹಿಡಿದುಕೊಂಡಿತು. ಆ ಬಿಸಿಲಿನಲ್ಲಿ ತಣ್ಣನೆಯ ಬೆವರು ಸುರಿಯಿತು. ಲಾರಿಯ ಚಕ್ರಕ್ಕೆ ಒರಗಿ ಕೂತು ವಾಂತಿ ಮಾಡಿಕೊಂಡೆ.

ಅಣ್ಣ ಓಡಿ ಬಂದ. “ಎಲ್ಲಿ? ಎಲ್ಲಿ ನೋವು?”

“ನಿನ್ನ ಏಟೇ... ಇವತ್ತು ಜಾಸ್ತಿ...” ಅನ್ನುತ್ತಾ ಎಡದವಡೆ ಒತ್ತಿಕೊಂಡೆ.

ಅವನು ನನ್ನ ಕೈ ಎಲ್ಲಿದೆ ಅಂತ ನೋಡಿದ. ಆಮೇಲೆ, ಇಷ್ಟು ದಿನ ಯಾವುದಕ್ಕೂ ಎತ್ತದ ಎಡಗೈಯನ್ನು ಎತ್ತಿ, ಮುಷ್ಟಿ ಕಟ್ಟಿ, ನಿಧಾನವಾಗಿ ನನ್ನ ಮುಖದ ಹತ್ತಿರ ತಂದ. ಅದು ಬಂದು ನಿಂತದ್ದು ನನ್ನ ಬಲಗೆನ್ನೆಯ ಹತ್ತಿರ. ಹಿಂದಕ್ಕೆಳೆದು ಇನ್ನೊಮ್ಮೆ ತಂದ. ಮತ್ತೆ ಬಲಗೆನ್ನೆಗೇ.

“ಲೇ, ನಾನು ಹೊಡೆದಿದ್ದು ಈ ಕಡೆ.”

“ಗೋಡೆ ನೋಡಿಲ್ವಾ ನೀನು? ಇಲ್ಲಿ ಹೊಡೆದ್ರೆ ಬಿರುಕು ಅಲ್ಲಿ...”

“ನೀನು ಗೋಡೆ ಅಲ್ಲ ಕಣೇ!” ಅವನು ಕಿರುಚಿದ ರಭಸಕ್ಕೆ ಕೆಲಸದವರೆಲ್ಲ ತಿರುಗಿ ನೋಡಿದರು. “ದವಡೆ, ಬೆನ್ನು, ಬೆವರು, ವಾಂತಿ. ಡಾಕ್ಟ್ರು ನಂಗೆ ಹೇಳಿದ್ದಾರೆ. ಎದೆ ಕೆಟ್ರೆ ನೋವು ಎದೇಲೇ ಬರಬೇಕು ಅಂತೇನಿಲ್ಲ. ಏಳು!”

ಅದನ್ನು ಡಾಕ್ಟರಮ್ಮ ಹೇಳುವಾಗ ನಾನು ಹೊರಗೆ ಹೊಗೆ ಬಿಡುತ್ತಿದ್ದೆ. “ಅದು ನಿನಗೆ ಹೇಳಿದ್ದು. ಬರೋದು ಗಂಡಸರಿಗೆ,” ಅಂದೆ. “ಅರ್ಧ ಗೋಡೆ ಬಿಟ್ಟು ಹೋಗ್ತೀಯಾ? ರಸ್ತೆ ಮೇಲೆ ಬಿದ್ರೆ ಜನ ಸಾಯ್ತಾರೆ. ಹೋಗು, ಕೆಲಸ ನೋಡು.”

ಅರ್ಧ ಕೊರೆದ ಗೋಡೆ ಬಿಟ್ಟು ಮೇಸ್ತ್ರಿ ಕದಲಬಾರದು. ಅಪ್ಪ ಮಾಡಿದ ಕಟ್ಟಳೆ ಅದು, ಅಣ್ಣ ಜ್ವರದಲ್ಲೂ ಮೀರಿರಲಿಲ್ಲ. ಈಗ ಅವನು ಹಾರೆ ಹಿಡಿಯುವ ಮುದುಕನನ್ನು ಕೂಗಿ, “ರಸ್ತೆ ಎರಡೂ ಕಡೆ ಕಟ್ಟು, ನಾಯಿನೂ ಬಿಡಬೇಡ,” ಅಂದು ನನ್ನ ಕಂಕುಳಿಗೆ ಕೈ ಹಾಕಿದ.

ನಾನು ಅವನ ಮೊಣಕಾಲಿಗೆ ಒದ್ದೆ. ಅವನು ಬಿಡಲಿಲ್ಲ. ಕೈಗೆ ಸಿಕ್ಕಿದ ಸ್ಪ್ಯಾನರಿನಿಂದ ಅವನ ಭುಜಕ್ಕೆ ಹೊಡೆದೆ. ಮೂಳೆಗೆ ಕಬ್ಬಿಣ ತಾಗಿದ ಸದ್ದು ನನಗೇ ಕೇಳಿಸಿತು. “ಹೊಡಿ, ಚೆನ್ನಾಗಿ ಹೊಡಿ,” ಅನ್ನುತ್ತಲೇ ಸ್ಪ್ಯಾನರು ಕಿತ್ತೆಸೆದು, ನಾನು ಅರ್ಧ ಕಟ್ಟಿದ್ದ ಟಾರ್ಪಾಲಿನ ಹಗ್ಗ ಬಿಚ್ಚಿ ನನ್ನನ್ನು ತೋಳಿನ ಸಮೇತ ಸುತ್ತಿ ಬಿಗಿದ. ಅವನ ಮುಂಗೈ ಕಚ್ಚಿದೆ. ಆದರೆ ಹಲ್ಲಿನಲ್ಲಿ ಶಕ್ತಿ ಇರಲಿಲ್ಲ. ಆಗ ಮೊದಲ ಸಲ ನನಗೆ ಭಯವಾಯಿತು. ಅವನು ನನ್ನನ್ನು ಸಿಮೆಂಟು ಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡು ಲಾರಿಯ ಕ್ಯಾಬಿನ್ನಿಗೆ ಎಸೆದ.

ಅಣ್ಣನಿಗೆ ಲಾರಿ ಓಡಿಸಲು ಬರುವುದು ಅಷ್ಟಕ್ಕಷ್ಟೇ. ಕಾರ್ಖಾನೆಯ ಗೇಟಿನ ಕಂಬಕ್ಕೆ ಲಾರಿಯ ಒಂದು ಕನ್ನಡಿ ಬಲಿ ಕೊಟ್ಟ, ಒಂದು ತಳ್ಳುಗಾಡಿಯನ್ನು ಚರಂಡಿಗೆ ಇಳಿಸಿದ. ಅಡ್ಡ ಬಂದವರಿಗೆಲ್ಲ ಅವರ ಮೂರು ತಲೆಮಾರು ಎಣಿಸುವಂತೆ ಬೈದ. ಆಸ್ಪತ್ರೆಯ ಬಾಗಿಲಿಗೆ ಅಡ್ಡವಾಗಿ ಯಾರೋ ಕಾರು ನಿಲ್ಲಿಸಿದ್ದರು. ಅವನು ಹಾರನ್ ಕೂಡ ಮಾಡಲಿಲ್ಲ. ಲಾರಿಯ ಮೂತಿಯನ್ನು ಕಾರಿನ ಬೆನ್ನಿಗೆ ಹಚ್ಚಿ ಹಾಗೇ ತಳ್ಳಿಕೊಂಡು ಹೋದ. ಗಾಜು ಪುಡಿಯಾಯಿತು, ಡಿಕ್ಕಿ ಒಳಗೆ ಹೋಯಿತು, ಕಾರಿನವನು ಚೀರುತ್ತಾ ಓಡಿ ಬಂದ. ಅಣ್ಣನ ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ನನಗೆ ಉಸಿರೇ ಸಿಗುತ್ತಿರಲಿಲ್ಲ, ಆದರೂ ಕಣ್ಣು ಆ ನರದ ಮೇಲೇ ಇತ್ತು.

“ಕೋಪ... ಮಾಡ್ಕೋಬೇಡ... ನಿನ್ನ ಬಿ.ಪಿ....” ಅಂದೆ.

“ಬಾಯ್ಮುಚ್ಚು,” ಅಂದ. ಅಳುತ್ತಿದ್ದ.

ಬಾಗಿಲಲ್ಲಿ ಕಾವಲಿನವನು ತಡೆದ. “ಏನ್ರೀ ಇದು, ಹೆಂಗಸನ್ನ ಕಟ್ಟಿ ತಂದಿದ್ದೀರಾ?”

“ಬಿಚ್ಚಿದ್ರೆ ಓಡಿ ಹೋಗ್ತಾಳೆ. ಎದೆ ನೋಡಿ ಮೊದ್ಲು, ಎದೆ!”

“ದವಡೆ,” ಅಂದೆ ನಾನು. ಯಾರೂ ಕೇಳಲಿಲ್ಲ. ಮಂಚದ ಮೇಲೆ ಹಾಕಿದರು. ಹಗ್ಗ ಕತ್ತರಿಸಿದರು. ಎದೆಗೆ ತಣ್ಣಗಿನ ಬಿಲ್ಲೆ ಅಂಟಿಸಿ ವಯರು ಸಿಕ್ಕಿಸಿದರು. ಏನೋ ಗುಳಿಗೆ ಬಾಯಿಗೆ ತುರುಕಿ “ಅಗೀರಿ, ಅಗೀರಿ” ಅಂದರು. ಅಗಿಯುತ್ತಿರುವಾಗಲೇ ದೀಪ ಆರಿದ ಹಾಗಾಯಿತು.

ಆಮೇಲಿನದನ್ನು ಹೇಳಿದವರು, ಸುದ್ದಿ ತಿಳಿದು ಓಡಿ ಬಂದ ಅತ್ತಿಗೆ. ನನ್ನ ಎದೆ ನಿಂತೇ ಹೋಗಿತ್ತಂತೆ. ಒಬ್ಬ ಕಟ್ಟಾಳು ನರ್ಸು ಮಂಚ ಹತ್ತಿ, ಎರಡೂ ಅಂಗೈ ಸೇರಿಸಿ ಎದೆ ಗುದ್ದತೊಡಗಿದ. ಪಕ್ಕೆಲುಬು ಲಟಕ್ಕೆಂದದ್ದು ಬಾಗಿಲಾಚೆಗೂ ಕೇಳಿತು. ಅಣ್ಣ ಗಾಜಿನಲ್ಲಿ ನೋಡಿದವನು, “ನನ್ನ ತಂಗಿನ ಹೊಡೀತಿದ್ದಾನೆ” ಅಂತ ಬಾಗಿಲಿಗೆ ಭುಜ ಕೊಟ್ಟನಂತೆ. ನಾಲ್ಕು ಜನ ಅವನ ಮೇಲೆ ಬಿದ್ದು ನೆಲಕ್ಕೆ ಒತ್ತಿ ಹಿಡಿದರು. ಒಳಗೆ ನನಗೆ ಕರೆಂಟು ಕೊಟ್ಟರು, ಮಣಿಕಟ್ಟಿನಿಂದ ತಂತಿ ತೂರಿಸಿ ಮುಚ್ಚಿಹೋಗಿದ್ದ ರಕ್ತನಾಳ ತೆರೆದು ಸ್ಟೆಂಟು ಕೂರಿಸಿದರು. ಹೊರಗೆ ಅಣ್ಣ, ನನ್ನ ಎದೆ ಕೆಟ್ಟದ್ದೂ ತನ್ನ ಏಟಿನಿಂದಲೇ ಅಂದುಕೊಂಡು, ಮುಖ ನೆಲಕ್ಕೊತ್ತಿಕೊಂಡು ಒಂದೇ ಮಾತು ಹೇಳುತ್ತಿದ್ದನಂತೆ: “ನಾನೇ ಹೊಡೆದೆ, ನಾನೇ ಹೊಡೆದೆ.”

ಎಚ್ಚರವಾದಾಗ ಉಸಿರಾಡಿದರೆ ಪಕ್ಕೆಯಲ್ಲಿ ಚೂರಿ ಹಾಕಿದ ಹಾಗಾಗುತ್ತಿತ್ತು. ಕಾಲ ಬಳಿ ಡಾಕ್ಟರಮ್ಮ ನಿಂತಿದ್ದರು. ಕಿಟಕಿಯ ಹತ್ತಿರ ಅಣ್ಣ, ಸ್ಟೂಲಿನ ಮೇಲೆ ಅತ್ತಿಗೆ.

“ದವಡೆ ನೋವು ಯಾವಾಗ ಬರ್ತಿತ್ತು? ಕೆಲಸ ಮಾಡುವಾಗ ಬಂದು, ಕೂತ್ರೆ ಹೋಗ್ತಿತ್ತಾ?” ಅಂತ ಕೇಳಿದರು.

ತಲೆಯಾಡಿಸಿದೆ.

“ಹಾಗಾದ್ರೆ ಅದು ಏಟಿನ ನೋವಲ್ಲ. 'ರಕ್ತ ಸಾಲ್ತಿಲ್ಲ' ಅಂತ ಹೃದಯ ಕೂಗ್ತಿದ್ದದ್ದು. ಮೊದಲ ದಿನದಿಂದ ಅದೇ. ನಿಮ್ಮ ಬಿ.ಪಿ. ಅಣ್ಣನದಕ್ಕಿಂತ ಜಾಸ್ತಿ ಇದೆ, ಕೊಬ್ಬು ಅವರಷ್ಟೇ ಇದೆ, ಶ್ವಾಸಕೋಶದ ತುಂಬ ಹೊಗೆ. ಮುಟ್ಟು ನಿಂತ ಮೇಲೆ ಹೆಂಗಸಿಗೂ ಗಂಡಸಿಗೂ ಈ ವಿಷಯದಲ್ಲಿ ಅಂಥ ವ್ಯತ್ಯಾಸ ಇಲ್ಲಮ್ಮ. ಆವತ್ತು ಒಂದು ನಿಮಿಷ ತೋಳು ಕೊಟ್ಟಿದ್ರೆ ಸಾಕಿತ್ತು.”

ಅವರು ಹೋದರು. ನಾನು ಅಣ್ಣನ ಕಡೆ ನೋಡಲಿಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಅಷ್ಟೂ “ಅಮ್ಮಾ”ಗಳನ್ನು ಅವನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದಾನೆ ಅಂತ ನನಗೆ ಗೊತ್ತಾಗುತ್ತಿತ್ತು.

ನರ್ಸಮ್ಮ ಬಿ.ಪಿ. ನೋಡಲು ಬಂದಳು. ನನ್ನದು ಬರೆದುಕೊಂಡು, ಅಣ್ಣನ ಮುಖ ನೋಡಿ, “ನೀವೂ ಬನ್ನಿ, ಬಿಳುಚಿಕೊಂಡಿದ್ದೀರ,” ಅಂತ ಅವನ ತೋಳಿಗೂ ಪಟ್ಟಿ ಸುತ್ತಿದಳು. ಗಾಳಿ ಇಳಿಯುವುದನ್ನು ನೋಡುತ್ತಾ ಅವಳ ಹುಬ್ಬು ಮೇಲೇರಿತು.

“ಇಷ್ಟು ಗಲಾಟೇಲೂ ಎಷ್ಟು ಚೆನ್ನಾಗಿದೆ! ಹಿಂದೆ ತುಂಬ ಜಾಸ್ತಿ ಇತ್ತಂತೆ, ಏನ್ ಮಾಡಿದ್ರಿ?”

“ತಂಗಿ ದವಡೆಗೆ ಒಂದು ಗುದ್ದಿದೆ,” ಅಂದ ಅಣ್ಣ.

ನನಗೆ ತಡೆಯಲಾರದ ನಗು ಬಂತು. ಮುರಿದ ಪಕ್ಕೆಲುಬು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅತ್ತಿಗೆಯೂ ಸೆರಗು ಬಾಯಿಗೆ ಹಿಡಿದುಕೊಂಡರು. ಅಣ್ಣ ನಗಲಿಲ್ಲ. ನರ್ಸಮ್ಮ ಹೋದ ಮೇಲೆ ಮಂಚದ ಅಂಚಿನಲ್ಲಿ ಬಂದು ಕೂತ. ಅವನ ಮುಂಗೈಯಲ್ಲಿ ನನ್ನ ಹಲ್ಲಿನ ಗುರುತು ಕೆಂಪಗಿತ್ತು.

“ನೀನು ನಿನ್ನೆ ಸತ್ತಿದ್ರೆ,” ಅಂದ, “ನಾನು ಹೊಡೆದ ಏಟಿಗೇ ಸತ್ತೆ ಅಂದ್ಕೊಂಡು ನಾನು ಸಾಯೋ ತನಕ ಬದುಕ್ತಿದ್ದೆ. ಅದಕ್ಕಾ ನನ್ನ ಉಳಿಸಿದ್ದು ನೀನು?”

ಅವನು ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವನು ಮೆಲ್ಲಗೆ ಕೇಳಿದ. ಅಳು ಬಂತು, ಅತ್ತರೆ ಪಕ್ಕೆ ನೋಯುತ್ತಿತ್ತು, ಆದರೂ ಅತ್ತೆ. ಹಾಸಿಗೆಯ ಮೇಲೆ ಊರಿದ್ದ ಅವನ ಎಡಗೈ ಹಿಡಿದುಕೊಳ್ಳಲು ಕೈ ಚಾಚಿದೆ. ಅವನು ಅದನ್ನು ಹಿಂದಕ್ಕೆಳೆದುಕೊಂಡು, ಬಲಗೈ ಕೊಟ್ಟ.